ಗೋಡೆಗೆ ಗಾರೆ ಬೀಳುವ ಮುನ್ನ: ಬಾಡಿಗೆ ಮನೆ ಕಟ್ಟಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ನಾಲ್ಕು ಅಂತಸ್ತು ಎಬ್ಬಿಸಿ, ಒಂದೊಂದು ಅಂತಸ್ತಿನಲ್ಲಿ ಎರಡೆರಡು ಮನೆ ಮಾಡಿ ಬಾಡಿಗೆಗೆ ಕೊಡಬೇಕೆಂದಿರುವ ನಿಮಗೆ ಈ ಪತ್ರ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆ, ನೀವು ಯಾವ ಊರಿನವರಾದರೂ ಸರಿ. ನಾನು ಬಾಡಿಗೆ ಮನೆಯಲ್ಲಿ ಇರುವವನು. ನನ್ನ ತಕರಾರು ಬಾಡಿಗೆಯದ್ದಲ್ಲ, ಅಡ್ವಾನ್ಸಿನದ್ದೂ ಅಲ್ಲ. ಬಚ್ಚಲುಮನೆಯ ಬಿಸಿನೀರಿನ ಬಗ್ಗೆ ನಿಮ್ಮಲ್ಲಿ ನಾಲ್ಕು ಮಾತು ಹೇಳಬೇಕಿದೆ.

ಬಿಸಿನೀರಿನ ವ್ಯವಸ್ಥೆ ಬಾಡಿಗೆದಾರರ ಪಾಡು ಎಂದು ನೀವು ತಿಳಿದಿರಬಹುದು. ಮನೆಗೆ ಬಂದವರು ತಮ್ಮ ಗೀಸರ್ ತರುತ್ತಾರೆ, ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ, ಗೋಡೆಯಲ್ಲಿ ಉಳಿದ ತೂತಿಗೆ ನೀವು ಸಿಮೆಂಟು ಮೆತ್ತಿಸುತ್ತೀರಿ. ಹೌದು, ಗೀಸರ್ ನಮ್ಮದೇ. ಆದರೆ ಅದು ಕ್ಷೇಮವಾಗಿ ಕೆಲಸ ಮಾಡಲು ಬೇಕಾದ ಗಾಳಿಯ ಕಿಂಡಿ, ಗೋಡೆಯೊಳಗಿನ ಅರ್ಥಿಂಗ್ ತಂತಿ, ಪೈಪಿನ ಉದ್ದ, ತಾರಸಿಯಲ್ಲಿ ಟ್ಯಾಂಕಿನ ಎತ್ತರ, ಇವೆಲ್ಲ ನಿಮ್ಮ ಕೈಯಲ್ಲಿವೆ. ಗಾರೆಯಾಗಿ ಟೈಲ್ಸ್ ಕೂತ ಮೇಲೆ ನಾವು ಏನೂ ಮಾಡಲಾಗುವುದಿಲ್ಲ. ನಾವು ತಂದ ಯಂತ್ರ ಒಳ್ಳೆಯದೇ ಆಗಿದ್ದರೂ ನಿಮ್ಮ ಗೋಡೆ ಅದನ್ನು ಅಪಾಯದ ವಸ್ತುವಾಗಿಸಬಲ್ಲದು. ಈ ವಿಪರ್ಯಾಸವೇ ನನ್ನನ್ನು ಪತ್ರ ಬರೆಯಲು ಕೂರಿಸಿದೆ.

ನಮ್ಮ ಹಿರಿಯರ ಬಚ್ಚಲು ನೆನಪಿಸಿಕೊಳ್ಳಿ. ಮೂಲೆಯಲ್ಲಿ ಗಾರೆಯೊಳಗೆ ಹೂತ ತಾಮ್ರದ ಹಂಡೆ, ಕೆಳಗೆ ಒಲೆ, ಒಲೆಗೆ ತೆಂಗಿನ ಗರಿ, ಮಟ್ಟೆ, ಚಿಪ್ಪು, ಅಡಿಕೆ ಸೀಮೆಯಲ್ಲಿ ಸೋಗೆ. ಹೊಗೆ ಕಣ್ಣು ಉರಿಸುತ್ತಿತ್ತು, ಗೋಡೆ ಕಪ್ಪಾಗುತ್ತಿತ್ತು, ಉರಿ ಹಾಕುವ ಹೆಂಗಸರ ಎದೆಯೂ ಸವೆಯುತ್ತಿತ್ತು. ಆ ಕಾಲ ಮರಳಲಿ ಎಂದು ನಾನು ಬಯಸುವುದಿಲ್ಲ. ಆದರೆ ಅದನ್ನು ಕಟ್ಟಿದ ಮೇಸ್ತ್ರಿಗೆ ಒಂದು ವಿಷಯ ಖಚಿತವಾಗಿ ಗೊತ್ತಿತ್ತು: ಬೆಂಕಿ ಇದ್ದ ಕಡೆ ಗಾಳಿ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ಅದಕ್ಕಾಗಿ ಹೆಂಚಿನ ಸಂದು ಇರುತ್ತಿತ್ತು, ಗವಾಕ್ಷಿ ಇರುತ್ತಿತ್ತು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ 'ಆಸ್ಟ್ರ' ಕೇಂದ್ರವನ್ನು ಕಟ್ಟಿದರು. ಅಲ್ಲಿಂದ ಬಂದ ಒಲೆಗಳು ಮಾಡಿದ್ದೂ ಇದನ್ನೇ. ಸೌದೆಯ ಶಾಖ ಪಾತ್ರೆಗೆ ಹೆಚ್ಚು ತಾಗುವಂತೆ ದಾರಿ ಮಾಡಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿದವು. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಇನ್ನು ನಿಮ್ಮ ಹೊಸ ಕಟ್ಟಡಕ್ಕೆ ಬನ್ನಿ. ಪಕ್ಕದ ಮನೆಯ ಗೋಡೆಗೆ ನಿಮ್ಮ ಗೋಡೆ ಹೆಚ್ಚುಕಡಿಮೆ ತಾಗಿಕೊಂಡಿರುತ್ತದೆ. ರೂಮುಗಳಿಗೆ ಕಿಟಕಿ ಕೊಟ್ಟು ಮುಗಿಸುವಷ್ಟರಲ್ಲಿ ಬಚ್ಚಲಿಗೆ ಹೊರಗೋಡೆಯೇ ಉಳಿದಿರುವುದಿಲ್ಲ. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಆ ಪೆಟ್ಟಿಗೆಗೆ ಒಂದು ಬಾಗಿಲು ಮಾತ್ರ. ಅಂಥ ಬಚ್ಚಲಿಗೆ ಬಾಡಿಗೆದಾರ ಗ್ಯಾಸ್ ಗೀಸರ್ ತರುತ್ತಾನೆ. ಯಾಕೆ ತರುತ್ತಾನೆಂದು ನಿಮಗೂ ಗೊತ್ತು. ಬೆಲೆ ಕಡಿಮೆ, ಕರೆಂಟು ಹೋದರೂ ನೀರು ಕಾಯುತ್ತದೆ, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು.

ಅದರ ಕೆಲಸ ನೋಡಲು ಚೆಂದ. ನಲ್ಲಿ ತಿರುಗಿಸಿದಾಗ ಹರಿಯುವ ನೀರಿನ ಒತ್ತಡವೇ ಒಳಗಿನ ರಬ್ಬರ್ ಪದರವನ್ನು ತಳ್ಳಿ ಗ್ಯಾಸಿನ ದಾರಿ ತೆರೆಯುತ್ತದೆ. ಟಾರ್ಚಿಗೆ ಹಾಕುವಂಥ ಎರಡು ಸೆಲ್ ಕಿಡಿ ಹೊತ್ತಿಸುತ್ತವೆ. ಬರ್ನರಿನ ಸಾಲು ಉರಿ ಮೇಲಿರುವ ತಾಮ್ರದ ರೆಕ್ಕೆಗಳನ್ನೂ ಅವುಗಳ ನಡುವೆ ಸುತ್ತಿದ ಕೊಳವೆಯನ್ನೂ ಕಾಯಿಸುತ್ತದೆ, ಕೊಳವೆಯಲ್ಲಿ ಹರಿಯುವ ನೀರು ಬಿಸಿಯಾಗಿ ಹೊರಬರುತ್ತದೆ. ನಲ್ಲಿ ನಿಲ್ಲಿಸಿದರೆ ಉರಿಯೂ ಆರುತ್ತದೆ. ಹಂಡೆಯಂತೆ ಕಾಯುತ್ತಾ ಕೂರಬೇಕಿಲ್ಲ.

ಆದರೆ ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಬೇಕಾದರೆ ಆ ಪುಟ್ಟ ಪೆಟ್ಟಿಗೆ ಅಡುಗೆಮನೆಯ ಹಲವು ಬರ್ನರುಗಳನ್ನು ಒಟ್ಟಿಗೆ ಹಚ್ಚಿದಷ್ಟು ಉರಿಯಬೇಕು. ಹಾಗೆ ಗಂಟೆಗಟ್ಟಲೆ ಉರಿದರೆ ಗಂಟೆಗೆ ಹತ್ತಿರಹತ್ತಿರ ಒಂದು ಕಿಲೋ ಗ್ಯಾಸು ಬೇಕು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮ್ಮ ಬಚ್ಚಲುಮನೆಯಲ್ಲಿರುವ ಒಟ್ಟು ಗಾಳಿಯೇ ಸುಮಾರು 8 ಘನ ಮೀಟರ್. ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಸ್ನಾನ ಮಾಡಿದರೆ ಆ ಉರಿಗೆ ಸುಮಾರು ಅರ್ಧ ಕೋಣೆಯ ಗಾಳಿ ಬೇಕಾಗುತ್ತದೆ. ಅಷ್ಟರವರೆಗೂ ಕಾಯಬೇಕಿಲ್ಲ. ಆಮ್ಲಜನಕ ಸ್ವಲ್ಪ ತಗ್ಗುತ್ತಿದ್ದಂತೆಯೇ ಗ್ಯಾಸು ಅರೆಬರೆ ಉರಿಯತೊಡಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ತಿಳಿಯಲೆಂದೇ ಎಲ್‌ಪಿಜಿಗೆ ದುರ್ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಾನಿಲಕ್ಕೆ ಅಂಥ ಎಚ್ಚರಿಕೆಯ ಗಂಟೆ ಇಲ್ಲ. ನೆತ್ತರಿನ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಸ್ನಾನ ಮಾಡುತ್ತಿರುವವರು ಬಿಸಿನೀರಿನ ಹಬೆಗೆ ಹೀಗಾಯಿತು ಎಂದುಕೊಳ್ಳುತ್ತಾರೆ. ಬಾಗಿಲ ಚಿಲಕ ತೆಗೆಯಬೇಕು ಎನ್ನಿಸುವ ಹೊತ್ತಿಗೆ ಕೈಕಾಲಿನಲ್ಲಿ ಬಲ ಉಳಿದಿರುವುದಿಲ್ಲ. ಚಳಿಗಾಲ ಬಂತೆಂದರೆ ಪತ್ರಿಕೆಯ ಮೂಲೆಯಲ್ಲಿ ಬಚ್ಚಲುಮನೆಯ ಸಾವಿನ ಸುದ್ದಿ ಓದುತ್ತೇವೆ. ಗೀಸರ್ ಸಿಡಿದಿರುವುದಿಲ್ಲ, ಗ್ಯಾಸ್ ಸೋರಿರುವುದಿಲ್ಲ. ಯಂತ್ರ ಸರಿಯಾಗಿಯೇ ಇರುತ್ತದೆ, ಗಾಳಿಗೆ ಮಾತ್ರ ದಾರಿ ಇರುವುದಿಲ್ಲ.

ಇದು ಹೊಸದಾಗಿ ಕಂಡ ಅಪಾಯವೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬ ಪೇಂಟರ್ ಮನೆಬಳಕೆಗೆ ಗ್ಯಾಸ್ ಉರಿಯಿಂದ ನೀರು ಕಾಯಿಸುವ ಸಾಧನ ಮಾಡಿದ. ಅದರ ದೊಡ್ಡ ಕೊರತೆಯೇ ಉರಿದ ಗಾಳಿಯನ್ನು ಹೊರಗೆ ಒಯ್ಯುವ ಕೊಳವೆ ಇಲ್ಲದ್ದು. ನೂರೈವತ್ತು ವರ್ಷ ದಾಟಿದೆ. ಅದೇ ಕೊರತೆಯನ್ನು ನಾವು ಇಂದಿಗೂ ಕಿಟಕಿಯಿಲ್ಲದ ಕೋಣೆಯಲ್ಲಿ ತೂಗುಹಾಕುತ್ತಿದ್ದೇವೆ.

ನೀವು ಮಾಡಬಹುದಾದ್ದು ಇಷ್ಟು. ಗ್ಯಾಸ್ ಗೀಸರಿಗೆ ಬಚ್ಚಲಿನ ಒಳಗೆ ಜಾಗವೇ ಬೇಡ. ಯುಟಿಲಿಟಿಯ ತೆರೆದ ಗೋಡೆಯ ಮೇಲೋ ಬಾಲ್ಕನಿಯಲ್ಲೋ ಅದಕ್ಕೆ ಜಾಗ ಗುರುತಿಸಿ, ಬಿಸಿನೀರಿನ ಪೈಪು ಮಾತ್ರ ಬಚ್ಚಲಿಗೆ ಬರುವಂತೆ ಗೋಡೆಯೊಳಗೆ ಈಗಲೇ ಹಾಕಿಸಿ. ಯಾವ ಗೀಸರ್ ಬಂದರೂ ಬರದಿದ್ದರೂ ಬಚ್ಚಲಿಗೆ ಎರಡು ಗಾಳಿದಾರಿ ಇರಲಿ: ಚಾವಣಿಯ ಹತ್ತಿರ ಒಂದು, ಬಾಗಿಲಿನ ಬುಡದಲ್ಲಿ ಜಾಲರಿಯ ಇನ್ನೊಂದು. ಬಿಸಿಯಾದ ಕೆಟ್ಟ ಗಾಳಿ ಮೇಲಿನಿಂದ ಹೋಗುತ್ತದೆ, ಹೊಸ ಗಾಳಿ ಕೆಳಗಿನಿಂದ ಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ, ಅದಕ್ಕೂ ಕೆಳಗಿನ ದಾರಿ ಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆನಲ್ಲ ಎಂದು ಸುಮ್ಮನಾಗಬೇಡಿ. ಒಳಗೆ ಗಾಳಿ ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ತಾನೇ ಏನನ್ನು ಎಳೆದು ಹೊರಹಾಕೀತು? ಇನ್ನು, ಯಾರಾದರೂ ಒಳಗೆ ಕುಸಿದಿದ್ದರೆ ಬಾಗಿಲು ಮುರಿದು ತೆರೆಯಬೇಕು, ಗ್ಯಾಸ್ ನಿಲ್ಲಿಸಬೇಕು, ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು. ಇಷ್ಟನ್ನು ಮನೆ ಕೊಡುವಾಗ ಬಾಡಿಗೆದಾರರಿಗೆ ಒಂದು ಮಾತು ಹೇಳಿ.

ಕರೆಂಟಿನ ಗೀಸರಿಗೆ ಬೆಂಕಿಯ ಕಾಟವಿಲ್ಲ. ಅದರದ್ದು ಬೇರೆ ಶಿಸ್ತು. ಹೊರಗಿನ ಕವಚಕ್ಕೂ ಒಳಗಿನ ಟ್ಯಾಂಕಿಗೂ ನಡುವೆ ಶಾಖ ಹೊರಹೋಗದಂತೆ ಫೋಮ್ ತುಂಬಿರುತ್ತಾರೆ. ತಣ್ಣೀರು ಟ್ಯಾಂಕಿನ ತಳಕ್ಕೆ ಬಂದು ಸೇರುತ್ತದೆ, ಕಾದ ನೀರು ಹಗುರಾಗಿ ಮೇಲೆ ನಿಲ್ಲುತ್ತದೆ, ಹೊರಹೋಗುವ ಕೊಳವೆಯ ಬಾಯಿ ಟ್ಯಾಂಕಿನ ನೆತ್ತಿಯಲ್ಲಿರುತ್ತದೆ. ಹಾಗಾಗಿ ತಣ್ಣೀರೇ ಬಿಸಿನೀರನ್ನು ಮೇಲಿನಿಂದ ಹೊರಗೆ ತಳ್ಳುತ್ತದೆ. ನಿಮ್ಮ ಓವರ್‌ಹೆಡ್ ಟ್ಯಾಂಕು ಖಾಲಿಯಾದರೆ ಗೀಸರಿನಲ್ಲಿ ನೀರು ತುಂಬಿದ್ದರೂ ನಲ್ಲಿಯಲ್ಲಿ ಬಾರದಿರುವುದು ಇದಕ್ಕೇ.

ನೀರು ಕಾಯಿಸುವುದು ಎಷ್ಟು ದುಬಾರಿ ಕೆಲಸ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 0.7 ಯೂನಿಟ್ ಬೇಕು, 2 ಕಿಲೋವ್ಯಾಟಿನ ಕಾಯಿಲಿಗೆ ಸುಮಾರು ಇಪ್ಪತ್ತು ನಿಮಿಷದ ಕೆಲಸ. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಮೂರು ಹಗಲು ಮೂರು ರಾತ್ರಿ ಉರಿಯುತ್ತದೆ. ಹಾಗೆ ಕಾಸಿದ 15 ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ 30 ಲೀಟರ್, ಎಂದರೆ ಎರಡು ಬಕೆಟ್ಟು ಸಿಗುತ್ತದೆ. ಇಬ್ಬರ ಸ್ನಾನಕ್ಕೆ ಸಾಕು. 3 ಲೀಟರಿನ ಇನ್‌ಸ್ಟಂಟ್ ಗೀಸರಿಗೆ ಇಷ್ಟು ಕೂಡಿಟ್ಟ ನೀರಿಲ್ಲ. 3 ಕಿಲೋವ್ಯಾಟ್ ಇದ್ದರೂ, ಒಮ್ಮೆ ಕಾದ ನೀರು ಖಾಲಿಯಾದ ಮೇಲೆ ನಿಮಿಷಕ್ಕೆ 3 ಲೀಟರ್ ಬಿಟ್ಟರೆ ಸುಮಾರು 14 ಡಿಗ್ರಿಯಷ್ಟೇ ಏರಿಸಬಲ್ಲದು. ಡಿಸೆಂಬರಿನ ಬೆಳಗ್ಗೆ ಅದರಿಂದ ಉಗುರುಬೆಚ್ಚಗಿನ ನೀರು ಬಂದರೆ ಗೀಸರ್ ಕೆಟ್ಟಿದೆ ಎಂದಲ್ಲ, ನಲ್ಲಿ ಸಣ್ಣಗೆ ಬಿಡಬೇಕು ಎಂದರ್ಥ.

ಈ ಗೀಸರನ್ನು ಕಾಯಲು ಮೂರು ಕಾವಲುಗಳಿವೆ. ನೀರು ನಿಗದಿತ ಶಾಖ ಮುಟ್ಟಿದಾಗ ಕರೆಂಟು ಕಡಿಯುವುದು ಥರ್ಮೋಸ್ಟಾಟ್. ಅದು ಕೈಕೊಟ್ಟರೆ ಥರ್ಮಲ್ ಕಟೌಟ್. ಎರಡೂ ಕೈಕೊಟ್ಟು ಒಳಗೆ ಒತ್ತಡ ಏರಿದರೆ ಸೇಫ್ಟಿ ವಾಲ್ವ್. ಈ ಮೂರನೆಯದು ಆಗಾಗ ಹನಿ ಉದುರಿಸುತ್ತದೆ. ನೀರು 20ರಿಂದ 60 ಡಿಗ್ರಿಗೆ ಕಾದಾಗ ನೂರಕ್ಕೆ ಒಂದೂವರೆ ಪಾಲಿನಷ್ಟು ಹಿಗ್ಗುತ್ತದೆ. 15 ಲೀಟರಿನಲ್ಲಿ ಅದು ಒಂದು ಲೋಟ ನೀರು. ಆ ನೀರಿಗೆ ಹೋಗಲು ದಾರಿ ಬೇಕು. ಟೈಲ್ಸ್ ಮೇಲೆ ಕಲೆ ಬೀಳುತ್ತದೆಂದು ಪ್ಲಂಬರ್ ಕೈಯಲ್ಲಿ ಆ ವಾಲ್ವಿನ ಬಾಯಿ ಮುಚ್ಚಿಸಿದ ಮನೆಗಳಿವೆ. ದಯವಿಟ್ಟು ಮುಚ್ಚಿಸಬೇಡಿ. ಅದಕ್ಕೊಂದು ಸಣ್ಣ ಪೈಪು ಸಿಕ್ಕಿಸಿ ನೆಲದ ಜಾಲರಿಯತ್ತ ಬಿಡಿಸಿ. ತಾರಸಿಯಲ್ಲಿ ಪ್ರೆಶರ್ ಪಂಪ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಬಾಡಿಗೆದಾರರಿಗೆ ಮೊದಲೇ ತಿಳಿಸಿ, ಆ ಒತ್ತಡ ತಡೆಯುವ ಗೀಸರನ್ನೇ ಅವರು ತರಲಿ.

ನಾಲ್ಕನೆಯ ಕಾವಲು ಗೀಸರಿನೊಳಗೆ ಇಲ್ಲ, ನಿಮ್ಮ ಗೋಡೆಯಲ್ಲಿದೆ. ಅದೇ ಅರ್ಥಿಂಗ್. ಕಾಯಿಲಿನ ಹೊದಿಕೆ ಬಿರುಕುಬಿಟ್ಟು ಕರೆಂಟು ನೀರಿಗೋ ಟ್ಯಾಂಕಿನ ಲೋಹಕ್ಕೋ ಹಾಯ್ದರೆ ಅದು ನೆಲಕ್ಕೆ ಇಳಿಯಲು ತಂತಿ ಬೇಕು. ತಂತಿ ಇಲ್ಲದಿದ್ದರೆ ಒದ್ದೆ ಮೈಯಲ್ಲಿ ನಲ್ಲಿ ಮುಟ್ಟಿದ ಮನುಷ್ಯನೇ ಆ ದಾರಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದೂ ಇಲ್ಲ. ಬಚ್ಚಲಿಗೆ 16 ಆಂಪಿಯರಿನ ಪ್ರತ್ಯೇಕ ಲೈನ್, ಆ ಹೊರೆಗೆ ತಕ್ಕ ದಪ್ಪದ ತಂತಿ, ತೇವ ಆರದ ಅರ್ಥ್ ಪಿಟ್, ಬಾಗಿಲ ಹೊರಗೆ ಸ್ವಿಚ್ಚು, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಇಷ್ಟು ಕೊಡಿ. ಕರೆಂಟು ದಾರಿ ತಪ್ಪಿದ ಕ್ಷಣದಲ್ಲೇ ಆರ್‌ಸಿಸಿಬಿ ಮನೆಯ ಲೈನ್ ಕಡಿದುಹಾಕುತ್ತದೆ. ಗೀಸರ್ ಕೊಳ್ಳಲಾಗದ ಕುಟುಂಬ ಬಕೆಟ್ಟಿಗೆ ಹೀಟರ್ ರಾಡ್ ಇಳಿಬಿಡುತ್ತದೆ. ಸ್ವಿಚ್ಚು ಆರಿಸದೆ ನೀರಿಗೆ ಬೆರಳು ಅದ್ದಿ ನೋಡುವ ಮಕ್ಕಳಿರುವ ಮನೆಗೆ ಆರ್‌ಸಿಸಿಬಿಯೇ ಕೊನೆಯ ರಕ್ಷಣೆ. ಬಡ ಬಾಡಿಗೆದಾರನಿಗೆ ಅದು ಇನ್ನೂ ಹೆಚ್ಚು ಬೇಕು.

ಬೋರ್‌ವೆಲ್ ನೀರಿನ ಮಾತನ್ನೂ ಹೇಳಬೇಕು. ಗಡಸು ನೀರು ಕಾದಂತೆ ಅದರಲ್ಲಿ ಕರಗಿದ ಸುಣ್ಣದ ಅಂಶ ಹೊರಬಿದ್ದು ಕಾಯಿಲಿನ ಮೇಲೆ ಬಿಳಿ ಚಕ್ಕೆಯಾಗಿ ಕೂರುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲೇ ಬೇಯುತ್ತದೆ, ಗೀಸರ್ ಒಳಗೆ ಗುಡುಗುಟ್ಟುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಟ್ಯಾಂಕಿನೊಳಗೆ ಮೆಗ್ನೀಸಿಯಮ್ ಕಡ್ಡಿಯೊಂದು ಇರುತ್ತದೆ. ಟ್ಯಾಂಕಿನ ಲೋಹಕ್ಕೆ ಬರಬೇಕಾದ ತುಕ್ಕನ್ನು ಅದು ತಾನು ತಿಂದು ಸವೆಯುತ್ತದೆ. ಸವೆದ ಕಡ್ಡಿಯನ್ನು ಬದಲಿಸಿ ಚಕ್ಕೆ ತೆಗೆಸಿದರೆ ಗೀಸರ್ ಹಲವು ವರ್ಷ ಬಾಳುತ್ತದೆ. ಗೀಸರನ್ನು ನೀವೇ ಹಾಕಿಸಿ ಕೊಡುವುದಾದರೆ, ಐಎಸ್ಐ ಗುರುತೂ ಬಿಇಇ ನಕ್ಷತ್ರಗಳೂ ಇರುವುದನ್ನೇ ತಂದು, ಬಾಡಿಗೆದಾರ ಬದಲಾದಾಗ ಸುಣ್ಣ ಬಳಿಸುವಂತೆಯೇ ಈ ಕೆಲಸವನ್ನೂ ಮಾಡಿಸಿ.

ಕೊನೆಗೆ ನಿಮ್ಮ ತಾರಸಿ. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವೆಂಬ ನಿಯಮ ಕರ್ನಾಟಕದಲ್ಲಿ ಬಂದು ವರ್ಷಗಳೇ ಆದವು. ಬೆಂಗಳೂರಿನಷ್ಟು ಸೋಲಾರ್ ಟ್ಯಾಂಕುಗಳನ್ನು ಹೊತ್ತ ಊರು ದೇಶದಲ್ಲಿ ವಿರಳ. ನಾವು ಹೆಮ್ಮೆಪಡಬೇಕಾದ ಸಂಗತಿಯಿದು. ಅದು ಪಂಪಿಲ್ಲದೆ ನಡೆಯುವ ರೀತಿ ಕೂಡ ಸೊಗಸು. ಫಲಕದಲ್ಲಿ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಭಾರವಾಗಿ ಫಲಕಕ್ಕೆ ಇಳಿಯುತ್ತದೆ. ಬಿಸಿಲು ಇರುವಷ್ಟು ಹೊತ್ತು ಈ ತಿರುಗಾಟ ನಿಲ್ಲುವುದಿಲ್ಲ. ಗಾಜಿನ ಕೊಳವೆಯ ಮಾದರಿಯಲ್ಲಿ ಎರಡು ಪದರ ಗಾಜಿನ ನಡುವೆ ನಿರ್ವಾತವಿರುವುದರಿಂದ ಹೀರಿದ ಶಾಖ ಹೊರಗೆ ಸೋರುವುದಿಲ್ಲ. ಕೊಳವೆಯ ತುದಿಯ ಬೆಳ್ಳಿ ಬಣ್ಣ ಹೋಗಿ ಹಾಲುಬಿಳುಪಾದರೆ ನಿರ್ವಾತ ಹೋಯಿತು ಎಂದು ತಿಳಿದು ಆ ಕೊಳವೆಯನ್ನಷ್ಟೇ ಬದಲಿಸಬೇಕು.

ಸೋಲಾರ್ ಹಾಕಿಸಿಯೂ ಕೆಳಗಿನ ಮನೆಗಳಲ್ಲಿ ಬೆಳಗ್ಗೆ ಗೀಸರ್ ಉರಿಯುತ್ತಿದ್ದರೆ ಕಾರಣವನ್ನು ಪೈಪಿನಲ್ಲಿ ಹುಡುಕಿ. ಮುಕ್ಕಾಲು ಇಂಚಿನ ಪೈಪಿನ ಒಂದೊಂದು ಮೀಟರಿನಲ್ಲೂ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ ನೆಲ ಅಂತಸ್ತಿನ ನಲ್ಲಿಗೆ 20 ಮೀಟರ್ ಇದ್ದರೆ ಬಿಸಿನೀರು ಬರುವ ಮೊದಲು 5 ಲೀಟರ್ ತಣ್ಣೀರು ಹರಿದುಹೋಗಬೇಕು. ಒಬ್ಬರು ಮಿಂದು ಅರ್ಧ ಗಂಟೆ ಕಳೆದು ಇನ್ನೊಬ್ಬರು ಬಂದರೆ ಮತ್ತೆ ಅಷ್ಟೇ. ಬೆಂಗಳೂರಿನಲ್ಲಿ ಆ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಮೇಲಕ್ಕೆತ್ತಿ ತಂದ ಕಾವೇರಿ. ಅದನ್ನು ತರಲು ಸುಟ್ಟ ಕರೆಂಟೂ ಮೋರಿಗೆ ಹೋಗುತ್ತದೆ. ಬಚ್ಚಲುಗಳನ್ನು ಅಂತಸ್ತಿನ ಮೇಲೆ ಅಂತಸ್ತು ಒಂದೇ ನೇರದಲ್ಲಿ ಇಡಿಸಿ, ಬಿಸಿನೀರಿನ ಪೈಪನ್ನು ಗಿಡ್ಡ ದಾರಿಯಲ್ಲಿ ಇಳಿಸಿ, ಅದಕ್ಕೆ ಹೊದಿಕೆ ಸುತ್ತಿಸಿ. ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಲಿ. ಫಲಕದ ಮುಖ ದಕ್ಷಿಣಕ್ಕಿರಲಿ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿಯನ್ನು ಕೇಳಿ ತರಿಸಿ. ಎಂಟು ಮನೆಗೆ ಇಬ್ಬರಿಗೆ ಸಾಲುವ ಟ್ಯಾಂಕು ತಂದು ನಿಯಮ ಮುಗಿಸಬೇಡಿ. ಮೇಲಿನ ಮನೆಯವರಿಗೆ ಬಿಸಿನೀರು, ಕೆಳಗಿನವರಿಗೆ ಬರಿಯ ಪೈಪು ಎಂದಾಗಬಾರದು.

ಇದಕ್ಕೆಲ್ಲ ಖರ್ಚು ಎಷ್ಟು ಎಂದು ಕೇಳುವಿರಿ. ಇಟ್ಟಿಗೆಯ ಹಂತದಲ್ಲಿ ಕಿಂಡಿ ಬಿಡಲು ಖರ್ಚೇ ಇಲ್ಲ, ನಾಲ್ಕು ಇಟ್ಟಿಗೆ ಉಳಿಯುತ್ತವೆ. ಬಾಗಿಲಿನ ಬುಡದ ಜಾಲರಿ, ಅರ್ಥ್ ತಂತಿ, ಆರ್‌ಸಿಸಿಬಿ, ಪೈಪಿನ ಹೊದಿಕೆ ಇವುಗಳ ಒಟ್ಟು ಬೆಲೆ ಮುಂಬಾಗಿಲ ಕೆತ್ತನೆಗೂ ಹಾಲಿನ ಫಾಲ್ಸ್ ಸೀಲಿಂಗಿಗೂ ನೀವು ಸುರಿಯುವ ಹಣದ ಮುಂದೆ ಏನೂ ಅಲ್ಲ. ಚೆಂದದ ಬಾಗಿಲು ಬೇಡವೆನ್ನುತ್ತಿಲ್ಲ. ಆ ಬಾಗಿಲಿನಿಂದ ಒಳಗೆ ಬಂದ ಕುಟುಂಬ ಸುಖವಾಗಿ ಇರಲಿ ಎಂದು ಕೇಳುತ್ತಿದ್ದೇನೆ.

ನಿಮ್ಮ ಮನೆಯಲ್ಲಿ ನಾವು ಎರಡು ವರ್ಷವೋ ಮೂರು ವರ್ಷವೋ ಇದ್ದು ಹೋಗುವವರು. ನಮ್ಮ ನಂತರ ಯಾರೋ ಬರುತ್ತಾರೆ. ಹೊಸದಾಗಿ ಮದುವೆಯಾದವರು, ಕಾಲೇಜಿನ ಹುಡುಗಿಯರು, ಮಗನ ಮನೆಗೆ ಊರಿನಿಂದ ಬಂದ ಮುದುಕರು. ಬಿಸಿನೀರು ಅವರಲ್ಲಿ ಯಾರಿಗೂ ಐಷಾರಾಮವಲ್ಲ, ದಿನದ ಮೊದಲ ಅಗತ್ಯ. ನಾಳೆ ನಿಮ್ಮ ಕಟ್ಟಡದ ಹತ್ತಿರ ಹೋದಾಗ ಮೇಸ್ತ್ರಿಯನ್ನೂ ಎಲೆಕ್ಟ್ರಿಷಿಯನ್ನನ್ನೂ ಪ್ಲಂಬರನ್ನೂ ಒಟ್ಟಿಗೆ ಬಚ್ಚಲಿನೊಳಗೆ ನಿಲ್ಲಿಸಿಕೊಂಡು ಮೂರೇ ಪ್ರಶ್ನೆ ಕೇಳಿ: ಇಲ್ಲಿಗೆ ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ? ಈ ಸಾಕೆಟ್ಟಿನ ಅರ್ಥ್ ತಂತಿ ಯಾವ ಗುಂಡಿಗೆ ಇಳಿದಿದೆ? ಬಿಸಿನೀರು ಈ ನಲ್ಲಿಗೆ ಎಷ್ಟು ದೂರ ನಡೆದು ಬರುತ್ತದೆ? ಮೂವರೂ ಸರಿಯಾದ ಉತ್ತರ ಕೊಡುವವರೆಗೆ ಗೋಡೆಗೆ ಗಾರೆ ಹಾಕಿಸಬೇಡಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಬಾಡಿಗೆದಾರ